ಅರಳು ಮರಳೆಂದು ಕೈಬಿಡುವ ಮುನ್ನ

ಅರವತ್ತಕ್ಕೆ ಅರಳು ಮರಳು ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದವರು ನಾವು. ಗಾದಿಯ ಮೇಲೆ ಕುಳಿತ ಹಿರಿಯರು ಒಂದೇ ಉದ್ರಿಯನ್ನು ಎರಡು ಸಲ ಬರೆದರೆ, ಕೊಟ್ಟ ಹಣವನ್ನೇ ಮತ್ತೆ ಕೊಡಹೋದರೆ, "ವಯಸ್ಸಾಯಿತು, ಬಿಡಿ" ಎಂದು ಮಾತು ಮುಗಿಸಿಬಿಡುತ್ತೇವೆ. ಆದರೆ ಗಾದೆಯ ಲೆಕ್ಕ ಸರಿಯಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಡಿಮೆನ್ಶಿಯಾ, ಎಂದರೆ ಮರೆವಿನ ಕಾಯಿಲೆ, ಇರುವುದು ಶೇಕಡಾ 7.4 ಮಂದಿಗೆ. ಸುಮಾರು 88 ಲಕ್ಷ ಜನ. ಸಂಖ್ಯೆ ದೊಡ್ಡದೇ. ಆದರೂ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಅರಳು ಮರಳು ಬಂದಿಲ್ಲ ಎಂದೇ ಇದರರ್ಥ. ಗಿರಾಕಿಯ ಹೆಸರು ಥಟ್ಟನೆ ಬಾರದೆ ಸ್ವಲ್ಪ ಹೊತ್ತಿನ ಮೇಲೆ ಹೊಳೆದರೆ ಅದು ವಯಸ್ಸಿನ ಗುಣ. ವರ್ಷಗಟ್ಟಲೆ ನಡೆದ ಬಸದಿಯ ದಾರಿಯಲ್ಲೇ ದಿಕ್ಕು ತಪ್ಪಿದರೆ ಅದು ಬೇರೆ ಮಾತು.

ಈ ಕಾಯಿಲೆಯ ಬಗ್ಗೆ ನಡೆದ ಸಂಶೋಧನೆಗಳಲ್ಲಿ ಗಡಿನಾಡಿನ ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದದ್ದು ಹೈದರಾಬಾದಿನಲ್ಲಿ ನಡೆದದ್ದು. ಅಲ್ಲಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯ ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ಕಾಯಿಲೆಯ 648 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದರು. ಅವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆ ಆಡುವವರು. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಒಂದೇ ಭಾಷೆಯವರಿಗಿಂತ ಇವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು.

ಕೆನಡಾದ ಟೊರಾಂಟೊದಲ್ಲಿ 2007ರಲ್ಲೇ ಇಂಥದೊಂದು ಫಲಿತಾಂಶ ಬಂದಿತ್ತು. ಆದರೆ ಅಲ್ಲಿ ಎರಡು ಭಾಷೆ ಆಡುವವರಲ್ಲಿ ಹೊರದೇಶಗಳಿಂದ ಬಂದು ನೆಲೆಸಿದವರೇ ಬಹಳ. ಹಾಗಾಗಿ ಇದು ಭಾಷೆಯ ಫಲವೋ ವಲಸೆಯ ಫಲವೋ ಎಂಬ ಸಂಶಯ ಉಳಿಯಿತು. ಹೈದರಾಬಾದಿನಲ್ಲಿ ಆ ಗೊಂದಲವಿಲ್ಲ. ಮನೆಯಲ್ಲಿ ತೆಲುಗು, ಬಜಾರಿನಲ್ಲಿ ದಖನಿ ಉರ್ದು ಆಡುವವನು ಅದೇ ಊರಿನವನು. ಇದು ವಿದ್ಯೆಯ ಫಲವೂ ಅಲ್ಲ. ಶಾಲೆಯ ಮೆಟ್ಟಿಲನ್ನೇ ಹತ್ತದವರಲ್ಲಿ ಈ ಅಂತರ ಆರು ವರ್ಷದಷ್ಟಿತ್ತು! ಮೂರನೆಯ, ನಾಲ್ಕನೆಯ ಭಾಷೆಯಿಂದ ಹೆಚ್ಚಿನ ಲಾಭವೇನೂ ಕಂಡಿಲ್ಲ. ಅದೇ ತಂಡ 2016ರಲ್ಲಿ ಪಾರ್ಶ್ವವಾಯುವಿನ 608 ರೋಗಿಗಳನ್ನು ನೋಡಿದಾಗ, ಆಘಾತದ ನಂತರವೂ ಬುದ್ಧಿಶಕ್ತಿ ಸರಿಯಾಗಿ ಉಳಿದವರು ಒಂದೇ ಭಾಷೆಯವರಲ್ಲಿ ಶೇಕಡಾ 20ರಷ್ಟು, ಎರಡು ಭಾಷೆಯವರಲ್ಲಿ ಶೇಕಡಾ 40ರಷ್ಟು ಇದ್ದರು.

ಕಾರಣವೇನು? ಎರಡು ಭಾಷೆ ಬಲ್ಲವನು ಬಾಯಿ ತೆರೆದಾಗಲೆಲ್ಲ ಒಂದನ್ನು ಆರಿಸಿ ಇನ್ನೊಂದನ್ನು ತಡೆಹಿಡಿಯಬೇಕು. ದಿನಕ್ಕೆ ನೂರಾರು ಸಲ ನಡೆಯುವ ಈ ಕೆಲಸ ಮಿದುಳಿಗೆ ವ್ಯಾಯಾಮವಾಗಿ, ರೋಗ ಒಳಗೆ ಹಬ್ಬಿದರೂ ಹೊರಗೆ ನಿಭಾಯಿಸುವ ಶಕ್ತಿ ಕೊಡುತ್ತದೆ ಎಂಬುದು ಸಂಶೋಧಕರ ವಿವರಣೆ. ಸೊಲ್ಲಾಪುರದಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮರಾಠಿ. ಆದವಾನಿಯಲ್ಲಿ ಕನ್ನಡ, ತೆಲುಗು. ಕಾಸರಗೋಡಿನಲ್ಲಂತೂ ತುಳು, ಕನ್ನಡ, ಮಲಯಾಳ. ವ್ಯಾಪಾರದ ಅನಿವಾರ್ಯವೆಂದು ನಾವು ಕಲಿತದ್ದು ಹೀಗೂ ಉಪಕಾರಕ್ಕೆ ಬಂದಿರಬಹುದು.

ಇರಬಹುದು ಎಂದೇ ಹೇಳುತ್ತೇವೆ. ಇವೆಲ್ಲ ಆಸ್ಪತ್ರೆಗೆ ಬಂದವರ ಲೆಕ್ಕ. ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ ಇಂಥ ರಕ್ಷಣೆ ಕಂಡಿಲ್ಲ. ಹೈದರಾಬಾದಿನ ಆ 391 ಮಂದಿಗೂ ಕೊನೆಗೆ ಕಾಯಿಲೆ ಬಂದೇ ಇತ್ತು ಎಂಬುದನ್ನು ಮರೆಯಬಾರದು. ನಾಲ್ಕು ಭಾಷೆ ಬಲ್ಲ ನಮ್ಮ ಅಜ್ಜನವರಿಗೆ ಏನೂ ಆಗದು ಎಂದು ಕೂರುವಂತಿಲ್ಲ.

ನಮ್ಮ ಮನೆಗಳಲ್ಲಿ ತಡವಾಗುವುದು ಹೆಚ್ಚಾಗಿ ಸಂಕೋಚದಿಂದ. ಹೊರಗೆ ಗೊತ್ತಾದರೆ ಅಂಗಡಿಯ ಪತ್ತಿಗೆ ಧಕ್ಕೆ, ಮಕ್ಕಳ ಸಂಬಂಧಕ್ಕೆ ತೊಡಕು ಎಂಬ ಅಳುಕು. ಆದರೆ ಮರೆವೆಲ್ಲ ವಾಸಿಯಾಗದ ಮರೆವಲ್ಲ. ಥೈರಾಯಿಡ್ ಕುಂದಿದರೂ ಮಂಕು ಕವಿಯುತ್ತದೆ, ಮನಸ್ಸಿನ ಖಿನ್ನತೆಯೂ ಮರೆವಿನಂತೆಯೇ ಕಾಣುತ್ತದೆ. ಶಾಕಾಹಾರಿಗಳಾದ ನಾವು ಮುಖ್ಯವಾಗಿ ನೋಡಿಸಬೇಕಾದದ್ದು ಬಿ-12 ಜೀವಸತ್ತ್ವವನ್ನು. ಕಾಳು, ಕಾಯಿಪಲ್ಲೆಗಳಲ್ಲಿ ಇದು ಇಲ್ಲ. ಹಾಲು ಮೊಸರಿನಿಂದ ಅಷ್ಟಿಷ್ಟು ದೊರೆಯುತ್ತದೆ. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿಯೂ ಇಳಿಯುತ್ತದೆ. ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ಗುಳಿಗೆ ನುಂಗುವವರಲ್ಲಿ ಕೊರತೆ ಮತ್ತಷ್ಟು ಸಾಮಾನ್ಯ. ಒಂದು ರಕ್ತಪರೀಕ್ಷೆಯಿಂದ ಇದು ಗೊತ್ತಾಗುತ್ತದೆ, ಬೇಗ ಕಂಡರೆ ಬಹುಪಾಲು ಸರಿಹೋಗುತ್ತದೆ. ಔಷಧಕ್ಕೆ ಬಳಸುವ ಬಿ-12 ಸೂಕ್ಷ್ಮಜೀವಿಗಳ ಹುದುಗಿನಿಂದ ತಯಾರಾಗುವಂಥದು, ಮಾಂಸದಿಂದಲ್ಲ. ಆದರೆ ಅದನ್ನು ತುಂಬುವ ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಜನ್ಯ ಜೆಲಾಟಿನ್ ಆಗಿರಬಹುದು. ಔಷಧದಂಗಡಿಯಲ್ಲಿ ಕೇಳಿ ಗುಳಿಗೆಯನ್ನೇ ತನ್ನಿರಿ.

ಇನ್ನೊಂದು ಎಚ್ಚರಿಕೆ ಪರ್ವದ ದಿನಗಳದು. ಸಕ್ಕರೆ ಕಾಯಿಲೆಯ ಹಿರಿಯರು ಎಂದಿನ ಗುಳಿಗೆ ನುಂಗಿ ನಿರಾಹಾರ ಮಾಡಿದರೆ ರಕ್ತದ ಸಕ್ಕರೆ ಇಳಿಯಬಹುದು. ನೀರೂ ಬಿಟ್ಟರೆ ಇನ್ನೂ ಕಷ್ಟ. ಒಂದೆರಡು ದಿನಗಳಲ್ಲೇ ತಟ್ಟನೆ ಬಂದ ಗಲಿಬಿಲಿಗೆ ಹೀಗೆ ಕಾರಣಗಳಿರುತ್ತವೆ. ಅಂಥದನ್ನು ಅರಳು ಮರಳೆಂದು ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು. ಉಪವಾಸ ಹಿಡಿಯುವ ಮೊದಲೇ ಅವರನ್ನು ಕೇಳಿದರೆ ಮೇಲು.

ಲ್ಯಾನ್ಸೆಟ್ ವೈದ್ಯಪತ್ರಿಕೆಯ ತಜ್ಞ ಆಯೋಗ 2024ರಲ್ಲಿ, ಜಗತ್ತಿನ ಡಿಮೆನ್ಶಿಯಾದಲ್ಲಿ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಅಂದಾಜು ಮಾಡಿತು. ಅದು ಹೆಸರಿಸಿದ 14 ಅಂಶಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮಂದವಾದ ಕಿವಿ, ಒಂಟಿತನ ಇವೆ. ಕಿವಿ ಕೇಳದವರೊಡನೆ ಮನೆಯವರು ಮಾತನ್ನೇ ಬಿಟ್ಟುಬಿಡುವುದುಂಟು. ಆಗ ಎರಡೂ ಒಟ್ಟಿಗೆ ಬಂದಂತಾಯಿತು.

ಒಂಟಿತನದ ಮಾತು ನಮ್ಮ ಅಜ್ಜಿಯರಿಗೆ ಹೆಚ್ಚು ಸಲ್ಲುತ್ತದೆ. ಅಂಗಡಿಯಲ್ಲಿ ಕೂತ ಗಂಡಸರಿಗೆ ಎರಡನೆಯ ಭಾಷೆ ಬಂತು. ಅಡುಗೆಮನೆಯಲ್ಲೇ ಉಳಿದ ಹೆಂಗಸರಲ್ಲಿ ಎಷ್ಟೋ ಮಂದಿಗೆ ಕನ್ನಡವೊಂದೇ. ಮೊಮ್ಮಕ್ಕಳು ಮರಾಠಿ, ತಮಿಳು, ಇಂಗ್ಲಿಷಿಗೆ ಹೊರಳಿದ ಮನೆಯಲ್ಲಿ ಅಜ್ಜಿಗೆ ಆಡಲು ಜೊತೆಯೇ ಇಲ್ಲ. ಅವರು ಮೌನವಾದದ್ದು ಕಾಯಿಲೆಯಿಂದಲೋ, ಕೇಳುವವರಿಲ್ಲದೆಯೋ ಎಂದು ಮನೆಯವರಿಗೇ ತಿಳಿಯುವುದಿಲ್ಲ.

ಆಸ್ಪತ್ರೆಯಲ್ಲೂ ಇದೇ ಸಮಸ್ಯೆ. ಮರೆವನ್ನು ಅಳೆಯುವುದು ಪ್ರಶ್ನೆಗಳಿಂದ: ಇಂದು ಯಾವ ವಾರ, ಈ ಮೂರು ಪದಗಳನ್ನು ನೆನಪಿಟ್ಟು ಹೇಳಿ, ನೂರರಿಂದ ಏಳೇಳು ಕಳೆಯಿರಿ. ಇದನ್ನು ಸರಿಯಾಗಿ ಬಾರದ ಭಾಷೆಯಲ್ಲಿ ಕೇಳಿದರೆ ಇಲ್ಲದ ಕಾಯಿಲೆ ಇದೆಯೆಂದು ಬರೆದುಕೊಡುವ ಅಪಾಯವಿದೆ. ಆದ್ದರಿಂದ ಕನ್ನಡದ ಪ್ರಶ್ನಾವಳಿ ಇದೆಯೇ ಎಂದು ಮೊದಲೇ ವಿಚಾರಿಸಿರಿ. ಇಲ್ಲದಿದ್ದರೆ ಎರಡೂ ಭಾಷೆ ಬಲ್ಲ ಮಗಳೋ ಸೊಸೆಯೋ ಜೊತೆಗಿರಲಿ. ಆದರೆ ಪ್ರಶ್ನೆಯನ್ನು ಮಾತ್ರ ಕನ್ನಡದಲ್ಲಿ ಹೇಳಲಿ, ಉತ್ತರವನ್ನಲ್ಲ. ನುಂಗುವ ಗುಳಿಗೆಗಳ ಚೀಟಿ, ಕಿವಿಯ ಯಂತ್ರ, ಕನ್ನಡಕ ಇವನ್ನು ಮರೆಯದೆ ಒಯ್ಯಿರಿ. ಮರೆವು ಯಾವ ತಿಂಗಳಿಂದ, ಹೇಗೆ ಶುರುವಾಯಿತೆಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ವೈದ್ಯರಿಗೂ ಅನುಕೂಲ.