ಇಲಿಗೆ ಒಗ್ಗಿದ್ದು ನಿಮಗೂ ಒಗ್ಗೀತೆ?

ಹೆಬ್ಬೆರಳಿನಷ್ಟು ಗಾಜಿನ ಸೀಸೆ, ತಳದಲ್ಲಿ ಚಿಟಿಕೆ ಬಿಳಿ ಪುಡಿ. ಲೇಬಲ್ಲಿನಲ್ಲಿ ಸಣ್ಣ ಅಕ್ಷರ: ‘ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ’. ಮಾಟ್ಸ್-ಸಿ ಎಂಬ ಪೆಪ್ಟೈಡ್ ಆನ್‌ಲೈನ್‌ನಲ್ಲಿ ಬಿಕರಿಯಾಗುವುದು ಹೀಗೆ. ಕೊಂಡವರು ನೀರು ಬೆರೆಸಿ, ಇನ್ಸುಲಿನ್ ಸಿರಿಂಜಿಗೆ ಎಳೆದು, ಹೊಟ್ಟೆಯ ಚರ್ಮದಡಿ ಚುಚ್ಚಿಕೊಳ್ಳುತ್ತಾರೆ. ಕೊಬ್ಬು ಕರಗಿ ಮೈಗೆ ಕಸುವು ಬರುತ್ತದೆಂಬ ನಂಬಿಕೆ.

ನಂಬಿಕೆಯ ಮೂಲದಲ್ಲಿರುವ ವಿಜ್ಞಾನ ಸುಳ್ಳಲ್ಲ. 2015ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾಂಗ್‌ಹಾನ್ ಲೀ, ಪಿಂಕಸ್ ಕೋಹೆನ್ ತಂಡವು ಮೈಟೊಕಾಂಡ್ರಿಯದ ಡಿಎನ್‌ಎಯಲ್ಲಿ ಅಡಗಿದ್ದ, 16 ಅಮೈನೊ ಆಮ್ಲಗಳ ಈ ಪೆಪ್ಟೈಡನ್ನು ಗುರುತಿಸಿತು. ಜೀವಕೋಶದ ಶಕ್ತಿಯ ಲೆಕ್ಕ ನೋಡಿಕೊಳ್ಳುವ ಎಎಂಪಿಕೆ ಕಿಣ್ವವನ್ನು ಇದು ಚುರುಕುಗೊಳಿಸುತ್ತದೆ. ಕೊಬ್ಬಿನ ಆಹಾರ ತಿಂದ ಇಲಿಗಳಿಗೆ ಕೊಟ್ಟಾಗ ಬೊಜ್ಜು ಬೆಳೆಯಲಿಲ್ಲ. 2021ರ ಅಧ್ಯಯನದಲ್ಲಿ ಇದನ್ನು ಪಡೆದ ಮುದಿ ಇಲಿಗಳೂ ಟ್ರೆಡ್‌ಮಿಲ್ ಮೇಲೆ ಪಡೆಯದವಕ್ಕಿಂತ ಬಹಳ ಹೆಚ್ಚು ಓಡಿದವು.

ಮನುಷ್ಯರ ಮಾತೇನು? ಅಮೆರಿಕದ ಕೋಬಾರ್ ಕಂಪನಿ ಪರೀಕ್ಷಿಸಿದ್ದು ಮಾಟ್ಸ್-ಸಿಯನ್ನಲ್ಲ, ಅದನ್ನು ಮಾರ್ಪಡಿಸಿದ ಸಿಬಿ4211 ಎಂಬ ರೂಪವನ್ನು. ಸೂಜಿ ಚುಚ್ಚಿದ ಜಾಗದ ಪ್ರತಿಕ್ರಿಯೆ ಬೇಗ ಇಳಿಯದ ಕಾರಣ 2018ರಲ್ಲಿ ಪ್ರಯೋಗ ತಡೆಹಿಡಿಯಬೇಕಾಯಿತು. ಮತ್ತೆ ಶುರುವಾಗಿ, 2021ರಲ್ಲಿ ಫಲಿತಾಂಶ ಹೊರಬಂದ ಹಂತದಲ್ಲಿ ಇದ್ದವರು 20 ಮಂದಿ. ಅವಧಿ ನಾಲ್ಕೇ ವಾರ. ಯಕೃತ್ತಿನ ಕಿಣ್ವಗಳು ತಗ್ಗಿದ್ದು ನಿಜ. ಆದರೆ ತಿಂಗಳುಗಟ್ಟಲೆ ಚುಚ್ಚಿಕೊಳ್ಳುವವರಿಗೆ ಅದರಿಂದ ಯಾವ ಭರವಸೆಯೂ ಸಿಗದು.

ಅಪಾಯದ ಸೂಚನೆಗಳು ಈಗಲೇ ಕಾಣುತ್ತಿವೆ. ಪೆಪ್ಟೈಡ್ ಗಂಟುಕಟ್ಟಿದರೆ, ಕಲ್ಮಶ ಸೇರಿದರೆ ರೋಗನಿರೋಧಕ ವ್ಯವಸ್ಥೆ ಕೆರಳಬಹುದು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಔಷಧ ಬೆರೆಸಿಕೊಡುವ ಅಂಗಡಿಗಳಲ್ಲಿ ಬಳಸಿದರೆ ಸುರಕ್ಷತೆಗೆ ಗಂಭೀರ ಧಕ್ಕೆಯಾಗಬಹುದಾದ ವಸ್ತುಗಳ ಸಾಲಿಗೆ ಇದನ್ನು ಸೇರಿಸಿತು. ಮಾಟ್ಸ್-ಸಿ ನಮ್ಮ ದೇಹವೇ ತಯಾರಿಸುವ ಅಣು. ಅದರ ವಿರುದ್ಧವೇ ಪ್ರತಿಕಾಯ ಹುಟ್ಟಿಕೊಂಡರೆ, ಚುಚ್ಚುವುದು ನಿಲ್ಲಿಸಿದ ಮಾತ್ರಕ್ಕೆ ತೊಂದರೆಯೂ ನಿಂತೀತೆಂಬ ಖಾತರಿಯಿಲ್ಲ. ಕ್ರೀಡಾಪಟುಗಳಿಗಂತೂ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ಇದನ್ನು ನಿಷೇಧಿಸಿದೆ.

ಈ ಸೀಸೆಯ ಆಸೆ ಮಧುಮೇಹಿಗಳನ್ನೂ ಸೆಳೆಯಬಹುದು. ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಅಂದಾಜಿಸಿತು. ಇವರಲ್ಲಿ ನೂರಕ್ಕೊಬ್ಬರು ಮಾತ್ರೆ ಬಿಟ್ಟು ಇಂಥ ಸೀಸೆಯ ಹಿಂದೆ ಬಿದ್ದರೂ ಸಂಖ್ಯೆ ಹತ್ತು ಲಕ್ಷ ದಾಟುತ್ತದೆ. ಅಡ್ಡಪರಿಣಾಮ ಕಂಡಾಗ ಅದು ಪೆಪ್ಟೈಡಿನಿಂದಲೋ, ಕಲ್ಮಶದಿಂದಲೋ ಎಂದು ಹೇಳಲು ವೈದ್ಯರ ಕೈಯಲ್ಲಿ ದಾಖಲೆಯೇ ಇರುವುದಿಲ್ಲ.

ಆದ್ದರಿಂದ ಔಷಧ ನಿಯಂತ್ರಕರು ಈ ಮಾರಾಟದ ಮೇಲೆ ಈಗಲೇ ಕಣ್ಣಿಡಬೇಕು. ಜಿಮ್ ತರಬೇತುದಾರರು ಶಿಫಾರಸು ಮಾಡುವುದನ್ನು ಬಿಡಬೇಕು. ಈಗಾಗಲೇ ಚುಚ್ಚಿಕೊಂಡವರು ವೈದ್ಯರಿಂದ ಮುಚ್ಚಿಡಬಾರದು, ಸೀಸೆಯನ್ನೂ ಒಯ್ದು ತೋರಿಸಬೇಕು. ಇನ್ನು ಕಸುವಿನ ಮಾತು: ಮುದಿ ಇಲಿಗಳನ್ನು ಓಡಿಸಿದ ಅದೇ 2021ರ ಅಧ್ಯಯನದಲ್ಲಿ ಯುವಕರು ಸೈಕಲ್ ತುಳಿದಾಗ ಅವರ ಸ್ನಾಯುವಿನಲ್ಲಿ ಮಾಟ್ಸ್-ಸಿ ಸುಮಾರು 12 ಪಟ್ಟು ಏರಿತ್ತು. ಅದಕ್ಕೆ ಸೂಜಿ ಬೇಕಾಗಲಿಲ್ಲ.