ಮನೆಯ ಗೋಡೆಯ ಮೇಲೆ ಆಲ್ಜಿಯರ್ಸಿನ ಸ್ತ್ರೀಯರು

ಚಿತ್ರವೊಂದನ್ನು ಮನೆಯಲ್ಲಿ ತೂಗುಹಾಕಲು ಒಂದು ಮೊಳೆ, ಒಂದು ಹುರಿ ಸಾಕೆಂಬುದು ನಮ್ಮಲ್ಲಿ ಅನೇಕರ ಭಾವನೆ. ಫ್ರೆಂಚ್ ಚಿತ್ರಕಾರನಾದ ಯೂಜೀನ್ ದೆಲಾಕ್ರ್ವಾನ “ಆಲ್ಜಿಯರ್ಸಿನ ಸ್ತ್ರೀಯರು” ಎಂಬ ಚಿತ್ರದ ಅಚ್ಚುಪ್ರತಿಯನ್ನು ಕೊಂಡುತಂದ ಶ್ರೋತೃಗಳು ಮಾತ್ರ ಕೊಂಚ ತಡೆದು ಯೋಚಿಸಬೇಕು.

ಫ್ರೆಂಚರು ಆಲ್ಜಿಯರ್ಸನ್ನು ವಶಪಡಿಸಿಕೊಂಡದ್ದು 1830ರಲ್ಲಿ. 1832ರಲ್ಲಿ ದೆಲಾಕ್ರ್ವಾ ಮೊರಾಕೋ ಸುಲ್ತಾನನಲ್ಲಿಗೆ ಹೊರಟ ರಾಯಭಾರದೊಡನೆ ಆಫ್ರಿಕಕ್ಕೆ ಹೋದನು. ಹಿಂದಿರುಗುವಾಗ ಆಲ್ಜಿಯರ್ಸಿನಲ್ಲಿ ತಂಗಿದ್ದುದು ಕೆಲವೇ ದಿನ. ಪರಪುರುಷರಿಗೆ ಪ್ರವೇಶವಿಲ್ಲದ ಅಂತಃಪುರವೊಂದನ್ನು ಅವನು ಅಲ್ಲಿನ ಫ್ರೆಂಚ್ ಅಧಿಕಾರಿಯೊಬ್ಬನ ನೆರವಿನಿಂದ ಹೊಕ್ಕು ನೋಡಿದನೆಂದು ಹೇಳುವರು. ಟಿಪ್ಪಣಿಗಳನ್ನು ಮುಂದಿಟ್ಟುಕೊಂಡು ಪ್ಯಾರಿಸಿನಲ್ಲಿ ಬರೆದ ಚಿತ್ರವು 1834ರ ಸಲೋನ್ ಪ್ರದರ್ಶನಕ್ಕೆ ಬಂದಿತು. ದೊರೆ ಲೂಯಿ ಫಿಲಿಪ್ ಅದನ್ನು ಕೊಂಡನು. ಈಗ ಅದು ಲೂವ್ರ್ ಸಂಗ್ರಹಾಲಯದ ಸ್ವತ್ತು.

ಮೂವರು ಸ್ತ್ರೀಯರು ನೆಲದ ಮೇಲೆ ಕುಳಿತಿದ್ದಾರೆ. ನಡುವೆ ಹುಕ್ಕಾ. ಬಲಗಡೆ ಆಫ್ರಿಕದ ಪರಿಚಾರಿಕೆಯೊಬ್ಬಳು ಬೆನ್ನು ತಿರುಗಿಸಿ ಹೊರಟಿದ್ದಾಳೆ. ಬೆಳಕು ಎಡಗಡೆಯಿಂದ ಬೀಳುತ್ತದೆ. ಆದುದರಿಂದ ಕೋಣೆಯ ಕಿಟಕಿಯೂ ಚಿತ್ರಕ್ಕೆ ಎಡಗಡೆಯಲ್ಲಿದ್ದರೆ ಎರಡು ಬೆಳಕುಗಳೂ ಒಂದಾಗುತ್ತವೆ. ಎದುರಿಗೇ ಕಿಟಕಿಯಿದ್ದರೆ ಗಾಜಿನಲ್ಲಿ ಕಾಣುವುದು ಬೀದಿಯೇ ಹೊರತು ಆಲ್ಜಿಯರ್ಸಲ್ಲ. ನೇರವಾದ ಬಿಸಿಲು ಅಚ್ಚಿನ ಬಣ್ಣವನ್ನು ಕ್ರಮೇಣ ತಿಂದುಹಾಕುತ್ತದೆ. ಈ ಚಿತ್ರದ ಜೀವವಿರುವುದು ನೆರಳಿನಲ್ಲಿ: ಕೆಂಪಿನ ಬಳಿ ಹಸುರನ್ನಿರಿಸಿ ಎರಡನ್ನೂ ಮಿನುಗಿಸುವ ವಿದ್ಯೆ ದೆಲಾಕ್ರ್ವಾನಿಗೆ ಕರಗತ. ನೆರಳೆಲ್ಲ ಬರಿಯ ಮಸಿಯಾಗಿರುವ ಪ್ರತಿಯನ್ನು ಕೊಳ್ಳಬೇಡಿ. ಮೂಲದ ಅಗಲ 229 ಸೆಂಟಿಮೀಟರು. ಅಂಗೈಯಗಲದ ಪ್ರತಿಯಲ್ಲಿ ಇದಾವುದೂ ಉಳಿಯದು. ಗೋಡೆ ಸಾದಾ ಇರಲಿ, ಚೌಕಟ್ಟು ತೆಳುವಾಗಿರಲಿ.

ಇನ್ನೊಂದು ಮಾತು. ನಾವು ಗೋಡೆಗೇರಿಸುವುದು ಗೆದ್ದವರ ಕಡೆಯವನು ಸೋತವರ ಒಳಮನೆಯಲ್ಲಿ ಕಂಡ ನೋಟ. ಆಲ್ಜೀರಿಯದ ಲೇಖಕಿ ಅಸಿಯಾ ಜೆಬಾರ್ 1980ರಲ್ಲಿ ಇದೇ ಹೆಸರಿನ ಪುಸ್ತಕವನ್ನು ಪ್ರಕಟಿಸಿ, ಅದು ಕದ್ದ ನೋಟವೆಂಬುದನ್ನು ಚರ್ಚಿಸಿದಳು. ಹಾಗೆಂದು ಚಿತ್ರವನ್ನು ಸುತ್ತಿ ಅಟ್ಟದ ಮೇಲಿಡಬೇಕೆಂದು ನಾನು ಹೇಳಲಾರೆ. ಅಷ್ಟು ಚೆಲುವಿದೆ ಅದರಲ್ಲಿ. ಮಲಗುವ ಕೋಣೆಯ ಅಲಂಕಾರವನ್ನಾಗಿ ಮಾತ್ರ ಮಾಡಬೇಡಿ. ನಾಲ್ಕು ಜನ ಕುಳಿತು ಮಾತನಾಡುವ ಹಜಾರದಲ್ಲಿಡಿ. ಕೆಳಗೊಂದು ಚೀಟಿಯಲ್ಲಿ ಊರನ್ನೂ ಇಸವಿಯನ್ನೂ ಬರೆಯಿರಿ. ದೇವರ ಪಟಗಳಂತೆ ತೊಲೆಯ ಹತ್ತಿರ ಬಾಗಿಸಿ ಕಟ್ಟದೆ, ಕುಳಿತವರ ಕಣ್ಣಿನ ಮಟ್ಟಕ್ಕೆ ಇಳಿಸಿ. ಎಡಗಡೆ ದಿಂಬಿಗೊರಗಿದವಳ ಮುಖ ನಮ್ಮ ಕಡೆಗೇ ತಿರುಗಿದೆ. ನಾವು ಅವಳನ್ನು ನೋಡುವಾಗ ಅವಳೂ ನಮ್ಮನ್ನು ನೋಡುತ್ತಿರಲಿ.