ಅಕ್ಕನ ಸಹಿ ಎಲ್ಲಿ?

ಶಿರಹಟ್ಟಿಯ ಹಳೆ ಓಣಿಯಲ್ಲಿ ಒಂದು ಮನೆ ಮಾರಾಟಕ್ಕಿದೆ ಅಂದುಕೊಳ್ಳಿ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಹಿಂದೆ ಹಿತ್ತಲು. ಫಕೀರೇಶ್ವರ ಮಠಕ್ಕೆ ನಡ್ಕೊಂಡು ಹೋಗಬಹುದು. ಅಪ್ಪ ದುಡಿದು ಕಟ್ಟಿಸಿದ ಮನೆ. ಅಪ್ಪ ತೀರಿಕೊಂಡು ಆರು ವರ್ಷ ಆಯ್ತು, ಮೃತ್ಯುಪತ್ರ ಬರೆದಿಲ್ಲ. ಹಿರಿಮಗ ಹುಬ್ಬಳ್ಳಿಯಲ್ಲಿ, ಕಿರಿಯವನು ಗದಗಿನಲ್ಲಿ. ಊರಲ್ಲಿ ಇರೋದು ಅವ್ವ ಒಬ್ಬಳೇ. ಪಟ್ಟಣ ಪಂಚಾಯಿತಿ ಉತಾರದಲ್ಲಿ ಹಿರಿಮಗನ ಹೆಸರಿದೆ, ತೆರಿಗೆ ಪಾವತಿ ಅವನದು, ಕರೆಂಟ್ ಬಿಲ್ಲೂ ಅವನದೇ. ಒಂದೇ ಸಂಜೆಯಲ್ಲಿ 25 ಲಕ್ಷಕ್ಕೆ ಮಾತು ಮುಗೀತು. ಇನ್ನೇನು, ಸಂಚಕಾರ ಕೊಟ್ಟುಬಿಡೋದೇ.

ಸ್ವಲ್ಪ ತಡೀರಿ. ಆ ಮನೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ?

‘ಇಬ್ರು ಅದಾರ್ರೀ. ಒಬ್ಬಾಕಿನ್ನ ಮುಂಡರಗಿಗೆ ಕೊಟ್ಟೀವಿ, ಇನ್ನೊಬ್ಬಾಕಿನ್ನ ಲಕ್ಷ್ಮೇಶ್ವರಕ್ಕ. ಲಗ್ನದಾಗ ಬಂಗಾರ ಹಾಕೀವಲ್ಲ, ಇನ್ನ ಅವರ್ದೇನೈತ್ರಿ ಇಲ್ಲಿ?’

ಇದೆ ಸ್ವಾಮಿ, ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗಿನಿಂದಲೂ ಇದೆ. ಲಿಂಗಾಯತರು, ಜೈನರು ಎಲ್ಲರೂ ಅದೇ ಕಾಯ್ದೆಯೊಳಗೇ ಬರ್ತಾರೆ. ಅಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಮನೆ, ಮೃತ್ಯುಪತ್ರ ಇಲ್ಲ ಅಂದ್ರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅಪ್ಪನ ತಾಯಿ ಬದುಕಿದ್ದರೆ ಆಕೆಗೂ ಒಂದು ಪಾಲು. ನಮ್ಮ ಲೆಕ್ಕದ ಮನೆಯಲ್ಲಿ ಐದು ಪಾಲು. ಅಣ್ಣತಮ್ಮಂದಿರಿಬ್ಬರೇ ಸಹಿ ಹಾಕಿದ್ರೆ ನಿಮಗೆ ಬಂದದ್ದು ಐದರಲ್ಲಿ ಎರಡು. ಕೊಟ್ಟದ್ದು ಮಾತ್ರ ಪೂರಾ 25 ಲಕ್ಷ.

ಹಾಗಾದ್ರೆ ಇಷ್ಟು ವರ್ಷ ಹೆಣ್ಣುಮಕ್ಕಳನ್ನು ಯಾರೂ ಕೇಳದೆ ನಡೀತಲ್ಲ, ಹೇಗೆ? ಅದಕ್ಕೆ ಕಾಯ್ದೆಯಲ್ಲೇ ಒಂದು ಕಿಂಡಿ ಇತ್ತು. 23ನೇ ಕಲಮು. ಕುಟುಂಬ ವಾಸ ಮಾಡುವ ಮನೆಯಲ್ಲಿ ಮಗಳಿಗೆ ಪಾಲೇನೋ ಉಂಟು, ಆದರೆ ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳುವ ತನಕ ಆಕೆ ಪಾಲು ಕೇಳುವಂತಿಲ್ಲ ಅಂತ ಅದು ಹೇಳ್ತಿತ್ತು. ಮದುವೆಯಾದ ಮಗಳಿಗೆ ಅಲ್ಲಿ ವಾಸದ ಹಕ್ಕೂ ಇರಲಿಲ್ಲ. ವಿಧವೆಯಾದರೆ, ಗಂಡ ಬಿಟ್ಟರೆ ಮಾತ್ರ ಬಂದು ಇರಬಹುದಿತ್ತು. ಯೋಚನೆ ಮಾಡಿ, ತವರುಮನೆಯ ಬಾಗಿಲು ತೆರೀಬೇಕಾದ್ರೆ ಗಂಡನ ಮನೆ ಮುರೀಬೇಕು! 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿ ಆ ಕಲಮನ್ನೇ ಕಿತ್ತು ಹಾಕಿತು. ಕಲಮು ಹೋಯ್ತು, ನಮ್ಮ ಓಣಿಗಳ ರೂಢಿ ಹೋಗಿಲ್ಲ.

ಅಪ್ಪನದಲ್ಲ, ಅಜ್ಜ ಮುತ್ತಜ್ಜನ ಕಾಲದಿಂದ ಬಂದ ಮನೆ ಅಂದ್ರೆ? ಶಿರಹಟ್ಟಿ 1948ರವರೆಗೆ ಸಾಂಗ್ಲಿ ಸಂಸ್ಥಾನದಲ್ಲಿದ್ದ ಊರು. ಆ ಕಾಲದ ಮನೆಗಳೂ ಮಾರಾಟಕ್ಕೆ ಬರುತ್ತವೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನ ಹಾಗೇ ಹುಟ್ಟಿನಿಂದಲೇ ಹಕ್ಕು. ‘ಅಪ್ಪ 2005ಕ್ಕೆ ಮೊದಲೇ ಹೋಗ್ಯಾನ, ಹಂಗಾಗಿ ಅಕ್ಕಗ ಇಲ್ಲ’ ಅನ್ನೋ ವಾದವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ ಮುಗಿಸಿಬಿಟ್ಟಿತು. ‘ಹಿರಿಯರು ಕೂತು ಬಾಯಿಮಾತಿನಾಗ ವಾಟ್ನಿ ಮಾಡ್ಯಾರ’ ಅಂದರೂ ಸಾಮಾನ್ಯವಾಗಿ ನಡೆಯಲ್ಲ. ಸರ್ಕಾರಿ ದಾಖಲೆಯ ಗಟ್ಟಿ ಆಧಾರ ಬೇಕು. 2004ರ ಡಿಸೆಂಬರ್ 20ಕ್ಕೆ ಮೊದಲೇ ವಾಟ್ನಿ ನೋಂದಣಿ ಆಗಿದ್ದರೆ, ಇಲ್ಲವೇ ಕೋರ್ಟ್ ಡಿಕ್ರಿ ಆಗಿದ್ದರೆ ಅದು ಬೇರೆ ಮಾತು. ಅದನ್ನು ಈಗ ಕೆದಕುವಂತಿಲ್ಲ. ಮುಸ್ಲಿಂ ಕುಟುಂಬದ ಮನೆ ಆದ್ರೆ ಲೆಕ್ಕ ಬೇರೆ, ಮಗನ ಪಾಲಿನ ಅರ್ಧ ಮಗಳಿಗೆ. ಅರ್ಧವೇ ಇರಲಿ, ಆಕೆಯ ಸಹಿ ಇಲ್ಲದೆ ಅದು ನಿಮ್ಮದಾಗಲ್ಲ.

ಈಗ ಉತಾರಕ್ಕೆ ಬರೋಣ. ಜನ ಮೋಸ ಹೋಗೋದೇ ಇಲ್ಲಿ. ಖಾತೆ ಅಂದ್ರೆ ತೆರಿಗೆ ಯಾರು ಕಟ್ಟಬೇಕು ಅನ್ನೋ ಲೆಕ್ಕದ ಪುಸ್ತಕ. ಅದರಲ್ಲಿ ಹೆಸರು ಬಂದ ಮಾತ್ರಕ್ಕೆ ಯಾರೂ ಮಾಲೀಕರಾಗಲ್ಲ. ಸುಪ್ರೀಂ ಕೋರ್ಟ್ ಇದನ್ನು ಒಂದಲ್ಲ, ಹತ್ತು ಸಲ ಹೇಳಿದೆ. ಈಗ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ ಅಂತಾಗಿದೆ, ಒಳ್ಳೆಯದೇ. ಆದರೆ ಹಳೆ ಪುಸ್ತಕದಲ್ಲಿ ಹಿರಿಮಗನ ಹೆಸರೊಂದೇ ಇತ್ತು ಅಂದ್ರೆ ಕಂಪ್ಯೂಟರಿನಲ್ಲೂ ಅವನೊಬ್ಬನದೇ ಬರುತ್ತೆ. ಅಕ್ಕನ ಹೆಸರನ್ನು ಕಂಪ್ಯೂಟರ್ ಹುಡುಕಿ ತರಲ್ಲ.

ಇ.ಸಿ. ತೆಗೆಸಿದ್ದೀವಿ, ಸ್ವಚ್ಛ ಇದೆ ಅಂತಾರೆ. ಇ.ಸಿ.ಯಲ್ಲಿ ಕಾಣೋದು ನೋಂದಣಿಯಾದ ವ್ಯವಹಾರ ಮಾತ್ರ. ಅಪ್ಪ ಸತ್ತದ್ದು ಅದರಲ್ಲಿ ಬರಲ್ಲ, ಎಷ್ಟು ಮಕ್ಕಳು ಅನ್ನೋದೂ ಬರಲ್ಲ. ಹಾಗಿದ್ರೆ ಸಬ್ ರಿಜಿಸ್ಟ್ರಾರ್ ನೋಡಬೇಕಲ್ಲವಾ? ಅದು ಅವರ ಕೆಲಸವೇ ಅಲ್ಲ. ಮಾರುವವನಿಗೆ ಹಕ್ಕಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡೋ ಅಧಿಕಾರ ನೋಂದಣಿ ಅಧಿಕಾರಿಗಿಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಹೇಳಿದೆ. ನಮ್ಮಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಒಂದರಿಂದ ಎರಡು ಪರ್ಸೆಂಟ್ ಆಯ್ತು. ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿಸಿದ್ರೆ ಪಟ್ಟಣದಲ್ಲಿ 25 ಲಕ್ಷಕ್ಕೆ 1 ಲಕ್ಷ 90 ಸಾವಿರ. ಇಷ್ಟು ದುಡ್ಡು ತಗೊಂಡ ಸರ್ಕಾರ ಸೀಲು ಹೊಡೆದು ಕೊಡುತ್ತೆ. ಮಾಲೀಕತ್ವಕ್ಕೆ ಜವಾಬ್ದಾರಿ? ಅದು ನಿಮ್ಮದು.

ಅಕ್ಕನ ಸಹಿ ಇಲ್ಲದೆ ತಗೊಂಡ್ರಿ ಅಂತಿಟ್ಟುಕೊಳ್ಳಿ. ಆಕೆ ಪಾಲಿನ ದಾವೆ ಹಾಕ್ತಾಳೆ. ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಮಿನ ಪ್ರಕಾರ, ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಬ್ಬರ ಪಾಲನ್ನು ಕೊಂಡ ಹೊರಗಿನವನಿಗೆ ಮನೆಯವರ ಜೊತೆ ಆ ಮನೆಯಲ್ಲಿ ವಾಸ ಮಾಡುವ ಹಕ್ಕಿಲ್ಲ. ಅವನೂ ಕೋರ್ಟಿಗೆ ಹೋಗಿ ಪಾಲು ಕೇಳಬೇಕು. ಕೇಳಿದಾಗ, 1893ರ ವಿಭಜನಾ ಕಾಯ್ದೆಯ ಪ್ರಕಾರ, ಕೋರ್ಟ್ ಕಟ್ಟಿದ ಬೆಲೆ ಕೊಟ್ಟು ನಿಮ್ಮ ಪಾಲನ್ನು ಮನೆಯವರೇ ವಾಪಸ್ ತಗೋಬಹುದು. ನೀವು ಬ್ಯಾಂಕ್ ಸಾಲದ ಕಂತು ಕಟ್ತಾ ಬಾಡಿಗೆ ಮನೆಯಲ್ಲಿ ಕೂತಿರ್ತೀರಿ.

ಹಾಗಾಗಿ ಸಂಚಕಾರಕ್ಕೆ ಮೊದಲು ಕೇಳಬೇಕಾದ ಕಾಗದ ಅಪ್ಪನ ಮರಣ ಪ್ರಮಾಣಪತ್ರ ಮತ್ತು ವಂಶಾವಳಿ. ವಂಶಾವಳಿಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಹೆಣ್ಣುಮಕ್ಕಳ ಹೆಸರು ‘ಮರೆತು’ ಬರೆಸಿದ ವಂಶಾವಳಿಗಳಿರುತ್ತವೆ. ಹಳೆ ಓಣಿಯಲ್ಲಿ ಮನೆ ತಗೊಳ್ಳೋರಿಗೆ ಇರೋ ಒಂದು ಅನುಕೂಲ ಏನಪ್ಪಾ ಅಂದ್ರೆ, ಪಕ್ಕದ ಮನೆ ಅಜ್ಜಿಯ ಕಟ್ಟೆ ಮೇಲೆ ಹತ್ತು ನಿಮಿಷ ಕೂತ್ರೆ ಆ ಮನೆಯಲ್ಲಿ ಎಷ್ಟು ಜನ ಹುಟ್ಟಿದರು, ಯಾರನ್ನು ಯಾವ ಊರಿಗೆ ಕೊಟ್ಟರು, ಎಲ್ಲ ಗೊತ್ತಾಗುತ್ತೆ. ಹೊಸ ಲೇಔಟಿನಲ್ಲಿ ಈ ಸೌಲಭ್ಯ ಇಲ್ಲ.

ಮಾರುವ ಅಣ್ಣತಮ್ಮಂದಿರಿಗೂ ಒಂದು ಮಾತು. ಸಂಚಕಾರವನ್ನು 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಮುಟ್ಟಬೇಡಿ. ಆದಾಯ ತೆರಿಗೆಯವರು ಅಷ್ಟೇ ಮೊತ್ತದ ದಂಡ ಹಾಕಬಹುದು, ಅದೂ ದುಡ್ಡು ಇಸಕೊಂಡವರಿಗೆ. ಅಕ್ಕಂದಿರಿಗೆ ಸುದ್ದಿ ಮುಟ್ಟಿಸೋದು ಗಿರಾಕಿ ಬಂದ ಮೇಲಲ್ಲ, ಮಾರಬೇಕು ಅಂತ ಮನಸ್ಸಿಗೆ ಬಂದ ದಿನವೇ. ಎಷ್ಟೋ ಹೆಣ್ಣುಮಕ್ಕಳು ಪಾಲಿನ ಆಸೆಗೆ ಕೋರ್ಟ್ ಮೆಟ್ಟಿಲು ಹತ್ತಲ್ಲ. ತಾನು ಹುಟ್ಟಿದ ಮನೆ ಮಾರಿದ ಸುದ್ದಿ ಊರವರ ಬಾಯಿಂದ ಕೇಳಿದೆನಲ್ಲ ಅನ್ನೋ ಸಂಕಟಕ್ಕೆ ಹತ್ತುತ್ತಾರೆ. ಪಾಲು ಬೇಡ ಅಂತ ಆಕೆ ಮನಸಾರೆ ಹೇಳಿದ್ರೆ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಆಗಲಿ. ಬಿಳಿ ಹಾಳೆ ಮೇಲಿನ ಹೆಬ್ಬೆಟ್ಟಿಗೆ ಬೆಲೆಯಿಲ್ಲ. ಬೇಕು ಅಂದ್ರೆ ಖರೀದಿ ಪತ್ರದಲ್ಲಿ ಮಾರುವವರ ಸಾಲಿನಲ್ಲಿ ಆಕೆಯ ಹೆಸರು ಬರಲಿ, ಆಕೆಯ ಐದು ಲಕ್ಷ ಆಕೆಯ ಖಾತೆಗೇ ಬೀಳಲಿ.